ಕುಂಕುಮ ಹಚ್ಚಿದ ಲ್ಯಾಪ್‌ಟಾಪ್

ಆಯುಧಪೂಜೆಗೆ ಇಡಲು ನಮ್ಮ ಮನೆಯಲ್ಲಿ ಸಾಮಾನು ಹೆಚ್ಚೇನಿರಲಿಲ್ಲ. ನನ್ನ ಹೊಲಿಗೆ ಮಿಷನ್ನು, ಒಂದು ಕತ್ತಿ, ಗಿಡ ಸವರುವ ಕತ್ತರಿ, ಮಿಕ್ಸಿ, ಮತ್ತೆ ಆ ಹಳೇ ಲ್ಯಾಪ್‌ಟಾಪ್. ಹೋದ ವರ್ಷ ಪಕ್ಕದ ಮನೆಯ ಸೊಸೆ ಪ್ರಸಾದಕ್ಕೆ ಬಂದವಳು ಈ ಸಾಲನ್ನು ನೋಡಿ ನಕ್ಕುಬಿಟ್ಟಳು. ಕತ್ತಿಯ ಪಕ್ಕ ಇದೆಂಥದು ದೊಡ್ಡಮ್ಮ, ಟಿಫಿನ್ ಪೆಟ್ಟಿಗೆಗೂ ವಿಭೂತಿ ಹಚ್ಚಿದ್ದೀರಲ್ಲ ಎಂದಳು. ಮುಚ್ಚಳ ತೆಗೆದು ತೋರಿಸಿದೆ. ಅವಳು ಫೋಟೋ ಹೊಡೆದು ತನ್ನ ಫೋನಿನ ಸ್ಟೇಟಸ್ಸಿಗೆ ಹಾಕಿದಳು. ದೇವರ ಮುಂದೆ ಇಟ್ಟದ್ದನ್ನು ಊರಿಗೆಲ್ಲ ತೋರಿಸುವ ಚಾಳಿ ಎಂತಕ್ಕೆ ಅಂತ ಬೈದೆ. ನನ್ನ ಬೈಗುಳ ಅವಳಿಗೆ ಅಭ್ಯಾಸವಾಗಿಹೋಗಿದೆ. ಪುಳಿಯೋಗರೆ ಚೆನ್ನಾಗಿದೆ ಎಂದು ಹೇಳಿ ಹೋದಳು.

ಆ ಫೋಟೋ ಯಾರ ಯಾರ ಫೋನು ಸುತ್ತಿತೋ ಗೊತ್ತಿಲ್ಲ. ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಮೈಸೂರಿನಿಂದ ನನಗೊಂದು ಫೋನ್ ಬಂತು. ಗುರುತಿಲ್ಲದ ನಂಬರಿನಿಂದ ಕರೆ ಮಾಡುವವರಿಗೆ ನಾನು ಮೊದಲು ಎರಡು ಮಾತು ಬೈದೇ ವಿಷಯ ಕೇಳುವುದು. ಆ ಮನುಷ್ಯ ಪೂರ್ತಿ ಬೈಸಿಕೊಂಡು, ನನ್ನ ಉಸಿರು ಮುಗಿದ ಮೇಲೆ ನಿಧಾನವಾಗಿ ವಿಷಯ ಹೇಳಿದ. ಹಳೇ ಕಂಪ್ಯೂಟರುಗಳು ಅಸಲಿಯೋ ಅಲ್ಲವೋ ಎಂದು ಪರೀಕ್ಷೆ ಮಾಡುವುದು ಅವನ ಕೆಲಸವಂತೆ. ಅಂಥವನ್ನು ಕೂಡಿಡುವ ಹುಚ್ಚಿನ ಒಬ್ಬ ದೊಡ್ಡ ಮನುಷ್ಯರಿದ್ದಾರೆ, ಅವರ ಪರವಾಗಿ ಕೇಳುತ್ತಿದ್ದೇನೆ ಎಂದ. ನಮ್ಮ ಪೂಜೆಯ ಫೋಟೋದಲ್ಲಿದ್ದದ್ದು ಪ್ರೋಟೊಟೈಪ್ ಇರಬಹುದು ಎಂದ. ಹಾಗೆಂದರೆ ಕಂಪನಿಯವರು ಮಾರಾಟಕ್ಕೆ ಬಿಡುವ ಮೊದಲು ಪರೀಕ್ಷೆಗೆಂದು ಕೈಯಲ್ಲೇ ಜೋಡಿಸಿದ ಮಾದರಿ. ಆಮೇಲೆ ಆ ಕಂಪನಿ ಮನಸ್ಸು ಬದಲಾಯಿಸಿ ಅದನ್ನು ಮಾರಾಟಕ್ಕೇ ಬಿಡಲಿಲ್ಲವಂತೆ. ಅಂಥದೇ ಒಂದು ಯಂತ್ರ ನಮ್ಮ ಕಡೆ ಚಿತ್ರೀಕರಣವಾದ ಸಿನಿಮಾವೊಂದರಲ್ಲಿ ಕಾಣಿಸುತ್ತದೆ, ಎರಡೂ ಒಂದೇ ಇದ್ದರೂ ಇರಬಹುದು, ಬಂದು ನೋಡಲೇ ಎಂದು ಕೇಳಿದ.

ಬೇಡ ಎನ್ನುವ ಮಾತು ನನ್ನ ಬಾಯಿತುದಿಯಲ್ಲೇ ಇತ್ತು. ಅಷ್ಟರಲ್ಲಿ ಆತ, ಸಿನಿಮಾದ ಪ್ರತಿ ನನ್ನ ಹತ್ತಿರ ಇದೆ, ತರುತ್ತೇನೆ ಎಂದ.

"ನಾಳೆನೇ ಬನ್ನಿ" ಅಂದೆ.

ಆ ಸಿನಿಮಾಕ್ಕಾಗಿ ನಾನು ಎಷ್ಟು ಒದ್ದಾಡಿದ್ದೇನೆ ಎಂದು ಅವನಿಗೇನು ಗೊತ್ತು.

ನಮ್ಮವರು ಕೊಟ್ಟಿಗೆಹಾರದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಸಂಬಳ, ಕಾಫಿಯ ತೂಕ ಎಲ್ಲ ಬರೆದಿಡುವ ಕೆಲಸ. ಎಸ್ಟೇಟಿನ ಸಾಹುಕಾರರ ಭಾವ ಹೊರದೇಶದ ಕಂಪ್ಯೂಟರ್ ಕಂಪನಿಯಲ್ಲಿದ್ದವರು, ಒಮ್ಮೆ ರಜೆಗೆ ಬಂದಾಗ ಈ ಯಂತ್ರ ತಂದು ಆಫೀಸಿನ ಮೇಜಿನ ಮೇಲೆ ಇಟ್ಟು ಹೋದರು. ಸಾಹುಕಾರರಿಗೆ ಅದನ್ನು ಮುಟ್ಟಲು ಭಯ, ಮೇಸ್ತ್ರಿಗೆ ಅದನ್ನು ಕಂಡರೆ ನಗು. ನಮ್ಮವರೊಬ್ಬರೇ ದಿನಾ ಅದರ ಮುಂದೆ ಕೂತು, ಕುಟ್ಟಿ ಕುಟ್ಟಿ ಕಲಿತರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಕಂಬಳಿಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ನನ್ನ ರೇಷ್ಮೆ ಸೀರೆಗೆ ಆ ಜಾಗ ಕೇಳಿದರೆ ಕೊಡುತ್ತಿರಲಿಲ್ಲ.

ನಮ್ಮ ಮದುವೆಯಾದ ಹೊಸದರಲ್ಲಿ ಸಿನಿಮಾದವರು ಬಂದು ಎಸ್ಟೇಟಿನ ಬಂಗಲೆಯನ್ನು ವಿಲನ್ನಿನ ಮನೆ ಮಾಡಿಕೊಂಡರು. ವಿಲನ್ನು ಕಂಪ್ಯೂಟರಿನಲ್ಲಿ ಏನೋ ಕುಟ್ಟುತ್ತಾನೆ, ದೂರದಲ್ಲೆಲ್ಲೋ ಸೇತುವೆ ಹಾರಿಹೋಗುತ್ತದೆ. ಆ ಕಾಲಕ್ಕೆ ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಹಾಗೆ ಮಡಚುವ ಕಂಪ್ಯೂಟರ್ ಬೇರೆ ಇರಲಿಲ್ಲ, ಇದನ್ನೇ ಕೇಳಿ ಪಡೆದರು. ವಿಲನ್ನಿನ ಪಾತ್ರದವನಿಗೆ ಒಂದಕ್ಷರ ಕುಟ್ಟಲು ಬರುತ್ತಿರಲಿಲ್ಲ. ರೈಟರೇ, ನಿಮ್ಮ ಕೈ ಕೊಡಿ ಎಂದು ಇವರನ್ನು ಕೂರಿಸಿದರಂತೆ. ಕಾಫಿ ಹಣ್ಣಿನ ಕರೆ ಉಗುರಿನಿಂದ ಹೋಗದೆ ಮೇಕಪ್ಪಿನವನು ಸೋಪು ಹಚ್ಚಿ ತಿಕ್ಕಿ ಸುಸ್ತಾದನಂತೆ, ಪೌಡರ್ ಬಳಿದನಂತೆ, ವಿಲನ್ನಿನ ಕೋಟು ತೊಡಿಸಿ ಬರೀ ಕೈ ಚಿತ್ರ ತೆಗೆದರಂತೆ. ಇದನ್ನು ನಮ್ಮವರು ಹೇಳದ ಮನೆಯಿಲ್ಲ, ಹೇಳದ ಹೋಟೆಲಿಲ್ಲ. ಗೋಣಿಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಇವರನ್ನು ಕಂಡರೆ ಜನ, ಏನ್ ಹೀರೋ, ಕೈ ಆರಾಮಾ ಎಂದು ಚುಡಾಯಿಸುತ್ತಿದ್ದರು. ಇವರೂ ಕೈ ಎತ್ತಿ ತೋರಿಸಿ ಮುಂದೆ ಹೋಗುತ್ತಿದ್ದರು.

ಸಿನಿಮಾ ಮೂಡಿಗೆರೆಗೆ ಬಂದಾಗ ಇಬ್ಬರೂ ಹೋಗಿದ್ದೆವು. ಆ ಜಾಗ ಬಂದಾಗ ಅವರು ಮೊಣಕೈಯಿಂದ ತಿವಿದು ನೋಡು ಎಂದರು. ನಾನು ಬೆಪ್ಪಳ ಹಾಗೆ ಅವರ ಮುಖ ನೋಡಿದೆ. ಪರದೆಯ ಕಡೆ ತಿರುಗುವಷ್ಟರಲ್ಲಿ ಮುಗಿದಿತ್ತು. ಇನ್ನೊಂದು ಸಲ ಬರೋಣ ಬಿಡು ಎಂದರು. ಆ ವಾರವೇ ಸಿನಿಮಾ ಎತ್ತಿದರು. ಸೋತ ಸಿನಿಮಾ. ಆಮೇಲೆ ಟೀವಿಯಲ್ಲಿ ಬರಲಿಲ್ಲ, ಯಾರ ಕಂಪ್ಯೂಟರಿನಲ್ಲೂ ಸಿಗಲಿಲ್ಲ.

ಅವರು ಹೋಗಿ ಹತ್ತು ವರ್ಷದ ಮೇಲಾಯಿತು. ನಮಗೆ ಮಕ್ಕಳಿಲ್ಲ. ಅವರ ಕಾಲಕ್ಕೆ ನಮ್ಮ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಸಣ್ಣ ಫೋನು, ಅದರಲ್ಲಿ ಚಿತ್ರ ಹಿಡಿಯುವಂತಿರಲಿಲ್ಲ. ಗೋಡೆಯ ಮೇಲೆ ಅವರ ಫೋಟೋ ಇದೆ, ಮತದಾರರ ಚೀಟಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಯಾರ ಮೇಲೋ ಸಿಟ್ಟು ಮಾಡಿಕೊಂಡವರ ಹಾಗೆ ಕೂತಿದ್ದಾರೆ. ಮನುಷ್ಯ ಮನೆಯೊಳಗೆ ಓಡಾಡುತ್ತಿದ್ದದ್ದು ಹೇಗೆ, ಕೈ ಆಡಿಸುತ್ತಿದ್ದದ್ದು ಹೇಗೆ ಎನ್ನುವುದು ನನಗೆ ಮರೆಯುತ್ತಾ ಬಂದಿದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ, ವಯಸ್ಸಾಯ್ತಲ್ಲ, ಮರೆವು ಸಹಜ ಅಂತಾರೆ. ನನಗೆ ಗ್ಯಾಸು ಬಂದ ದಿನ ನೆನಪಿದೆ, ಯಾರ ರವಿಕೆಯ ಅಳತೆ ಎಷ್ಟು ಅಂತ ನೆನಪಿದೆ, ಇದೊಂದು ಮರೆಯುತ್ತದೆ. ಒಬ್ಬಳೇ ಕೂತು ಊಟ ಮಾಡುವಾಗ ಅವರ ಕೈ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಬಲಗೈಯ ತೋರುಬೆರಳಿನ ತುದಿ ಸೊಟ್ಟ ಇತ್ತು, ಚಿಕ್ಕವರಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಸಿಕ್ಕಿದ್ದು. ಅಷ್ಟು ಮಾತ್ರ ಬರುತ್ತದೆ, ಕೈ ಪೂರ್ತಿ ಬರುವುದಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಅಸಲಿಯಾದರೂ ಸರಿ, ಬೋಗಸ್ಸಾದರೂ ಸರಿ, ನನಗೆ ಆ ಕೈ ಆಡುವುದನ್ನು ಒಂದು ಸಲ ನೋಡಬೇಕಿತ್ತು.

ಆತ ಬೆಳಗಿನ ಬಸ್ಸಿಗೇ ಬಂದ. ನಲವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಕಾಫಿ ಮಾಡಲು ಹೊರಟರೆ, ಟೀ ಆದರೆ ಒಳ್ಳೆಯದು ಎಂದ. ಕಾಫಿ ತೋಟದ ನಡುವೆ ಕೂತು ಟೀ ಕೇಳುವವನ ಪರೀಕ್ಷೆಯನ್ನು ನಂಬುವುದು ಹೇಗೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಪಕ್ಕದ ಮನೆಯಿಂದ ಟೀಪುಡಿ ತಂದು ಮಾಡಿಕೊಟ್ಟೆ. ಅಕ್ಕಿರೊಟ್ಟಿ ತಿಂದ, ಕೈ ತೊಳೆದ, ಆಮೇಲೆ ಬಿಳೀ ಗ್ಲೌಸು ಹಾಕಿಕೊಂಡ. ರೊಟ್ಟಿಗಿಲ್ಲದ ಮಡಿ ಈ ಯಂತ್ರಕ್ಕೆ.

ಸಿನಿಮಾ ಮೊದಲು ನೋಡೋಣ ಅಂದೆ. ಮೊದಲು ಯಂತ್ರ ನೋಡಿದರೆ ಸಿನಿಮಾದಲ್ಲಿ ಏನು ಹುಡುಕಬೇಕು ಎಂದು ಗೊತ್ತಾಗುತ್ತದೆ ಅಮ್ಮಾ ಎಂದ. ಸರಿ, ಅವನ ಕೆಲಸ ಅವನದ್ದು. ಹೊಲಿಗೆ ಮಿಷನ್ನಿನ ಪಕ್ಕದ ಮೇಜು ಬಿಟ್ಟುಕೊಟ್ಟೆ. ಸಣ್ಣ ಸಣ್ಣ ತಿರುಪುಳಿ, ಭೂತಗನ್ನಡಿ, ಒಂದು ಪುಟ್ಟ ಟಾರ್ಚು ಹರಡಿಕೊಂಡು ತಳ ಬಿಚ್ಚಿದ. ನಾನು ಒಂದು ರವಿಕೆಗೆ ಕೊಕ್ಕೆ ಹಾಕುತ್ತಾ ಎದುರಿಗೇ ಕೂತೆ, ಕಣ್ಣು ಅವನ ಮೇಲೇ ಇಟ್ಟಿದ್ದೆ.

ಒಳಗೆ ನೋಡಿದವನು ಗೆಲುವಾದ. ಕಾರ್ಖಾನೆಯ ಮಾಲಿನಲ್ಲಿ ಇಂಥ ವೈರುಗಳಿರುವುದಿಲ್ಲ, ಇವನ್ನು ಯಾರೋ ಕೈಯಲ್ಲೇ ಬೆಸುಗೆ ಹಾಕಿದ್ದಾರೆ ಎಂದು ಕನ್ನಡಿ ನನ್ನ ಕೈಗೂ ಕೊಟ್ಟು ತೋರಿಸಿದ. ನನಗೆ ಕಂಡದ್ದು ಹಾತೆ ಸತ್ತು ಒಣಗಿದ ಧೂಳು. ಆಮೇಲೆ ತಳದ ಹೊರಮೈ ತಿರುಗಿಸಿ ಟಾರ್ಚು ಹಿಡಿದ. ಅಲ್ಲಿ ಚೌಕಾಕಾರದ ಒಂದು ಚೀಟಿ ಇತ್ತು, ಬೆಳ್ಳಗೆ, ಒಂದಕ್ಷರ ಇಲ್ಲದೆ. ಅವನ ಮುಖ ಸಣ್ಣದಾಯಿತು.

ಮಾದರಿಯ ಗುರುತು, ಮಾರಾಟಕ್ಕಲ್ಲ ಎನ್ನುವ ಮಾತು, ಎಲ್ಲ ಆ ಚೀಟಿಯಲ್ಲೇ ಅಚ್ಚಾಗಿರುತ್ತದಂತೆ. ಇದು ಹೇಗೆ ಹೋಯ್ತು ಅಮ್ಮಾ ಎಂದು ಕೇಳಿದ. ಹೋಗದೆ ಏನಾಗುತ್ತದೆ ಮಾರಾಯ್ರೆ ಅಂದೆ. ಆಯುಧಪೂಜೆಯ ಮುಂಚಿನ ದಿನ ಎಸ್ಟೇಟಿನಲ್ಲಿ ಕತ್ತಿ, ಗುದ್ದಲಿ, ಔಷಧಿ ಹೊಡೆಯುವ ಪಂಪು, ತಕ್ಕಡಿ, ಜೀಪು ಯಾವುದನ್ನೂ ತೊಳೆಯದೆ ಬಿಡುವಂತಿಲ್ಲ. ಕಂಪ್ಯೂಟರನ್ನು ನೀರಿಗೆ ಹಾಕಲಾಗದು ಎಂಬಷ್ಟು ತಿಳಿವಳಿಕೆ ನಮ್ಮವರಿಗಿತ್ತು. ಅದಕ್ಕೆ ಸೀಗೆಪುಡಿಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮೇಲೆ ಕೆಳಗೆ ಉಜ್ಜುತ್ತಿದ್ದರು. ಮುಂದೆ ಸಾಹುಕಾರರು ಹೊಸ ಕಂಪ್ಯೂಟರ್ ತರಿಸಿ ಇದನ್ನು ಅವರಿಗೇ ಕೊಟ್ಟರು, ಮನೆಯಲ್ಲೂ ಹಾಗೇ ಉಜ್ಜಿದರು. ಅವರು ಹೋದ ಮೇಲೆ ನಾನು ಉಜ್ಜುತ್ತಿದ್ದೇನೆ, ಮತ್ತೂ ಜೋರಾಗಿ. ಕೊಳೆ ಅಂತ ತಿಕ್ಕಿದ್ದು ಅಕ್ಷರವಾಗಿತ್ತು.

ಆತ ನಗಲಿಲ್ಲ, ನಮ್ಮನ್ನು ದೂರಲೂ ಇಲ್ಲ. ಒಳಗಿನ ಕೆಲಸ ನೋಡಿದರೆ ಮಾದರಿಯೇ ಅನ್ನಿಸುತ್ತದೆ, ಆದರೆ ಸಿನಿಮಾದಲ್ಲಿರುವ ಯಂತ್ರ ಇದೇ ಎನ್ನಲು ಬೇರೆ ಗುರುತು ಬೇಕು ಎಂದ. ತನ್ನ ಕಂಪ್ಯೂಟರ್ ತೆಗೆದು ಸಿನಿಮಾ ಹಾಕಿದ. ನನ್ನ ಕೈಯ ಸೂಜಿ ಎಲ್ಲಿ ಬಿತ್ತೋ, ಹುಡುಕಲೂ ಇಲ್ಲ.

ಬಂಗಲೆಯ ಹಜಾರ ಬಂತು. ನಾನು ಮದುವಣಗಿತ್ತಿಯಾಗಿ ಬಂದಾಗ ಸಾಹುಕಾರರ ಹೆಂಡತಿಗೆ ನಮಸ್ಕಾರ ಮಾಡಿದ್ದ ಹಜಾರ. ಅಲ್ಲಿ ಕೆಂಪು ದೀಪ ಹಾಕಿ ಭೂತದ ಮನೆ ಮಾಡಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪ್, ಮುಚ್ಚಳ ಇನ್ನೂ ತೆಗೆದಿಲ್ಲ. ಆತ ಅಲ್ಲೇ ನಿಲ್ಲಿಸಿದ. ಮುಚ್ಚಳದ ಬಲಮೂಲೆಯ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿದ. ಆಮೇಲೆ ನಮ್ಮ ಯಂತ್ರದ ಬಲಮೂಲೆ ನೋಡಿದ. ಮತ್ತೆ ಅದು, ಮತ್ತೆ ಇದು.

ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮುಚ್ಚಳದ ಮಧ್ಯೆ ಕಂಪನಿಯ ಗುರುತು ಇದ್ದದ್ದರಿಂದ ಅದರ ಮೇಲೆ ಹಚ್ಚುವುದು ಬೇಡ ಎಂದು ನಮ್ಮವರು ಬಲಮೂಲೆಗೆ ಹಚ್ಚುತ್ತಿದ್ದರು. ಚಿತ್ರೀಕರಣ ನಡೆದದ್ದು ದಸರೆ ಮುಗಿದ ಹತ್ತಿರದಲ್ಲೇ ಇರಬೇಕು. ಸಿನಿಮಾದವರು ಒರೆಸಿದ್ದರು, ಆದರೂ ಮುಚ್ಚಳದ ಗೀರುಗಳ ಸಂದಿನಲ್ಲಿ ಕೂತ ಕೆಂಪು ಹೋಗಿರಲಿಲ್ಲ, ಎಷ್ಟು ಉಜ್ಜಿದರೂ ಇವತ್ತಿಗೂ ಹೋಗಿಲ್ಲ. ಹೊರದೇಶದ ಯಂತ್ರದಲ್ಲಿ ಸೇತುವೆ ಹಾರಿಸಲು ಹೊರಟ ವಿಲನ್ನಿನ ಮುಂದೆ ನಮ್ಮನೆ ಪೂಜೆಯ ಕುಂಕುಮ. ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಈ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕೆವು. ಗೀರಿಗೆ ಗೀರು ಸೇರುತ್ತದೆ, ಕಲೆಯ ಆಕಾರವೂ ಅದೇ, ಇನ್ನು ಅನುಮಾನವಿಲ್ಲ, ಇದೇ ಯಂತ್ರ ಎಂದ ಆತ.

ಮುಂದೆ ಹಾಕಿ ಅಂದೆ.

ಮುಚ್ಚಳ ತೆರೆಯಿತು. ಕೋಟಿನ ತೋಳು ಬಂತು, ತೋಳಿನಿಂದ ಎರಡು ಕೈ ಬಂದವು. ಹತ್ತೂ ಬೆರಳು ಗುಂಡಿಗಳ ಮೇಲೆ ಸರಸರ ಓಡಿದವು. ಬಿಳೀ ನುಣುಪು ಬೆರಳುಗಳು. ಬಲಗೈಯ ತೋರುಬೆರಳು ನೆಟ್ಟಗಿತ್ತು.

ಅದು ನಮ್ಮವರ ಕೈಯಲ್ಲ.

ಇನ್ನೊಂದು ಸಲ ಹಾಕಿಸಿದೆ. ನಿಧಾನ ಮಾಡಿಸಿದೆ. ನೆಟ್ಟಗೇ ಇತ್ತು. ನಮ್ಮವರು ಎರಡೇ ಬೆರಳಲ್ಲಿ ಕುಟ್ಟುತ್ತಿದ್ದವರು, ಅದು ನನಗೆ ಆಗ ನೆನಪಾಯಿತು. ಅವರ ಕೈಯ ಚಿತ್ರ ತೆಗೆದದ್ದು ನಿಜವೇ ಇರಬೇಕು, ಸೋಪು ಪೌಡರಿನ ಕಥೆ ಯಾರೂ ಸುಮ್ಮನೆ ಕಟ್ಟುವುದಿಲ್ಲ. ಸೊಟ್ಟ ಬೆರಳು ನೋಡಿ ಬೇಡವೆಂದು ಬೇರೆಯವರ ಕೈ ಹಾಕಿಕೊಂಡಿರಬಹುದು. ಹಾಗಾದರೆ ಟಾಕೀಸಿನಲ್ಲಿ ಕೂತಾಗಲೇ ಇವರಿಗೆ ಗೊತ್ತಾಗಿರುತ್ತದೆ. ಗೊತ್ತಾದ ಮೇಲೂ ಅಷ್ಟು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕೈ ಎತ್ತಿ ತೋರಿಸಿದರಲ್ಲ, ಎಂಥ ಮನುಷ್ಯ! ನನಗೆ ಸಿಟ್ಟು ಬಂತು, ಅಳುವೂ ಬಂತು. ಸಿಟ್ಟನ್ನು ಮಾತ್ರ ತೋರಿಸಿದೆ, ಎದ್ದು ಟೀ ಲೋಟವನ್ನು ಬಚ್ಚಲಿಗೆ ಕುಕ್ಕಿ ಬಂದೆ.

ಬಂದು ಆತನಿಗೆ ನಮ್ಮವರ ಕೈಯ ಕಥೆ ಹೇಳಿದೆ. ಕೈ ಯಾರದ್ದು ಎಂದು ಬರೆಯಲು ತನ್ನ ವರದಿಯಲ್ಲಿ ಜಾಗವಿದೆ, ನೀವು ಹೌದು ಎಂದರೆ ಯಜಮಾನರ ಹೆಸರು ಹಾಕುತ್ತೇನೆ ಎಂದ ಆತ. ಪಾಪ, ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಬೇಡ, ಅದು ಅವರದ್ದಲ್ಲ ಅಂದೆ. ಆತ ತಲೆಯಾಡಿಸಿ, ಉಳಿದದ್ದನ್ನೂ ನೋಡಿ ಮುಗಿಸೋಣ ಎಂದು ಸಿನಿಮಾ ಮುಂದಕ್ಕೆ ಬಿಟ್ಟ.

ಕ್ಯಾಮೆರಾ ಹಿಂದೆ ಸರಿಯಿತು. ಈಗ ವಿಲನ್ನು, ಮೇಜು, ಅವನ ಬೆನ್ನ ಹಿಂದಿನ ತೆರೆದ ಬಾಗಿಲು ಎಲ್ಲ ಕಂಡವು. ವಿಲನ್ನು ಗಹಗಹಿಸಿ ನಕ್ಕು ಲ್ಯಾಪ್‌ಟಾಪಿನ ಮುಚ್ಚಳವನ್ನು ಪಟಾರನೆ ಬಡಿದ. ಬಾಗಿಲ ಹೊರಗೆ, ನೆರಳಿನಲ್ಲಿ ನಿಂತಿದ್ದ ಯಾರೋ ಬೆಚ್ಚಿದರು. ಬಲಭುಜ ಮುಂದೆ ಬಂತು, ಒಂದು ಹೆಜ್ಜೆ ಇಟ್ಟರು, ಯಾರೋ ತಡೆದಂತೆ ಹೊಸಿಲಿನ ಆಚೆಯೇ ನಿಂತರು. ಅಷ್ಟೇ. ಚಿತ್ರ ಸೇತುವೆಗೆ ಹೋಯಿತು.

ನಾನು ಆತನ ಕೈ ಹಿಡಿದುಬಿಟ್ಟೆ. ನಿಲ್ಲಿಸಿ, ಹಿಂದೆ ಹಾಕಿ ಅಂದೆ.

ಏನಾದರೂ ಬಿದ್ದ ಸದ್ದಾದರೆ ಬಲಭುಜ ಮುಂದೆ ಮಾಡಿ ನುಗ್ಗುವುದು ನಮ್ಮವರ ಅಭ್ಯಾಸ. ನನ್ನ ಕೈಯಿಂದ ಪಾತ್ರೆ ಬಿದ್ದರೆ ಹಾಗೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಿಂತು ಪಾತ್ರೆ ನೆಗ್ಗಿತಾ ಎಂದು ನೋಡುತ್ತಿದ್ದರು, ನನ್ನ ಕಾಲಿಗೆ ಬಿತ್ತಾ ಎಂದು ಕೇಳುತ್ತಿರಲಿಲ್ಲ. ಅದಕ್ಕೆ ಎಷ್ಟು ಜಗಳ ಆಡಿದ್ದೇನೆ. ಅದು ಪೂರ್ತಿ ಮರೆತುಹೋಗಿತ್ತು ನನಗೆ. ಈಗ ಕಣ್ಣೆದುರು ಹಾಗೇ ಬಂದರು, ಅದೇ ಭುಜ, ಅದೇ ಹೆಜ್ಜೆ. ಆಫೀಸಿನ ಯಂತ್ರ ಒಡೆದುಬಿಟ್ಟನಲ್ಲ ಪಾಪಿ ಎಂದು ಅವರ ಜೀವ ಹಾರಿಹೋಗಿರಬೇಕು.

ಇವರೇ ನಮ್ಮ ಯಜಮಾನರು ಅಂದೆ. ಆತ ಚಿತ್ರ ನಿಲ್ಲಿಸಿ ಬಾಗಿಲಿನ ಜಾಗವನ್ನು ದೊಡ್ಡದು ಮಾಡಿದ. ಮುಖ ಸಿಗಲಿಲ್ಲ. ಮತ್ತೂ ದೊಡ್ಡದು ಮಾಡಿದ. ಮನುಷ್ಯನೇ ಹೋಗಿ ಕಪ್ಪು ಬೂದು ಚೌಕಗಳು ಉಳಿದವು. ಆತ ಬಹಳ ಮೆತ್ತಗೆ ಹೇಳಿದ, ದೀಪದ ಹುಡುಗರಲ್ಲಿ ಯಾರಾದರೂ ಇರಬಹುದಲ್ಲ ಅಮ್ಮಾ, ಇದನ್ನು ಖಚಿತ ಎಂದು ಬರೆಯಲು ಬರುವುದಿಲ್ಲ.

"ಕುಂಕುಮ ನೋಡಿ ಯಂತ್ರ ಹೌದು ಅಂದ್ರಿ. ಆ ಮನುಷ್ಯನ್ನ ನಾನು ದಿನಾ ನೋಡಿದ್ದೀನಿ. ನನ್ ಮಾತು ಸಾಲದಾ?"

ಆತ ಗ್ಲೌಸು ಬಿಚ್ಚಿ ಮೇಜಿನ ಮೇಲಿಟ್ಟ. ಚಿತ್ರವನ್ನು ಮೊದಲಿನ ಹಾಗೆ ಸಣ್ಣದು ಮಾಡಿದ. ನಮ್ಮವರು ಮತ್ತೆ ಬಾಗಿಲಿಗೆ ಬಂದರು.

"ಮತ್ತೊಂದ್ಸಲ ಹಾಕ್ಲಾ ಅಮ್ಮಾ?" ಎಂದ.

ಹಾಕಿ ಅಂದೆ. ಆ ಮಧ್ಯಾಹ್ನ ಎಷ್ಟು ಸಲ ಹಾಕಿದನೋ. ಒಂದು ಸಲವೂ ಸಾಕಾ ಎಂದು ಕೇಳಲಿಲ್ಲ. ಟೀ ಕುಡಿಯುವವನಾದರೂ ಒಳ್ಳೆಯ ಮನುಷ್ಯ.

ಲ್ಯಾಪ್‌ಟಾಪ್ ಬಿಟ್ಟುಕೊಡುತ್ತೀರಾ ಎಂದು ಹೊರಡುವಾಗ ಹೆದರುತ್ತಲೇ ಕೇಳಿದ. ಆ ಬಾಗಿಲಿನ ತುಣುಕನ್ನು ನನ್ನ ಫೋನಿಗೆ ಹಾಕಿಕೊಟ್ಟರೆ ತಗೊಂಡು ಹೋಗಿ ಅಂದೆ. ಪ್ರತಿ ಅವನದ್ದಲ್ಲ, ಆ ದೊಡ್ಡ ಮನುಷ್ಯರದ್ದು. ಅಂಗಳಕ್ಕೆ ಹೋಗಿ ನೆಟ್‌ವರ್ಕ್ ಸಿಗುವ ಕಡೆ ನಿಂತು ಅವರಿಗೆ ಫೋನ್ ಮಾಡಿದ, ತುಂಬಾ ಹೊತ್ತು ಮಾತಾಡಿದ, ಬಂದು ನನ್ನ ಫೋನು ಕೇಳಿದ. ಲ್ಯಾಪ್‌ಟಾಪನ್ನು ಕಂಬಳಿ ಸಮೇತ ಕೊಟ್ಟೆ. ಅದರ ಪಾಡಿಗೆ ಅದು ಇಷ್ಟು ವರ್ಷ ಟ್ರಂಕಿನಲ್ಲಿ ಇದ್ದದ್ದೇ ಹೊರತು ನನಗೂ ಅದಕ್ಕೂ ಯಾವ ಮಾತೂ ಇರಲಿಲ್ಲ.

ಪಕ್ಕದ ಮನೆಯ ಸೊಸೆಗೆ ಆ ತುಣುಕು ತೋರಿಸಿದೆ. ಎಲ್ಲಿ ದೊಡ್ಡಮ್ಮ, ಬರೀ ಕತ್ತಲೆ ಇದೆಯಲ್ಲ ಎಂದಳು. ಬೆರಳಿಟ್ಟು ತೋರಿಸಿದರೂ ಅವಳಿಗೆ ಕಾಣಲಿಲ್ಲ. ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಲು ಹೋದಳು, ಫೋನು ಕಸಿದುಕೊಂಡೆ. ಆಮೇಲೆ ಯಾರಿಗೂ ತೋರಿಸಿಲ್ಲ.

ಈಗ ಊಟಕ್ಕೆ ಕೂತಾಗ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟುಕೊಳ್ಳುತ್ತೇನೆ. ಮುಚ್ಚಳ ಬಡಿಯುತ್ತದೆ, ಅವರು ಬೆಚ್ಚಿ ಒಂದು ಹೆಜ್ಜೆ ಬರುತ್ತಾರೆ, ಹೊಸಿಲ ಹತ್ತಿರ ನಿಲ್ಲುತ್ತಾರೆ. ಏನೂ ಒಡೆದಿಲ್ಲ, ಬನ್ನಿ ಒಳಗೆ ಎಂದು ಒಂದೆರಡು ಸಲ ಬಾಯಿಬಿಟ್ಟು ಕರೆದದ್ದೂ ಉಂಟು. ಬರುವುದಿಲ್ಲ.